ವಿಇಪಿ ಟೆಸ್ಟ್: ನಾಲ್ಕು ವರ್ಷದಲ್ಲಿ ಐದು ಸಲ ಮಾಡಿಸಿದ್ಮೇಲೆ

ಗೋಣಿಕೊಪ್ಪದವ್ಳು ನಾನು. 2021ರಲ್ಲಿ ಕಾಫಿ ಕೊಯ್ಲಿನ ಟೈಮಲ್ಲಿ ಬಲಗಣ್ಣು ಮಂಜಾಯ್ತು, ಕಣ್ಣು ಹೊರಳಿಸಿದ್ರೆ ನೋವು, ಹಣ್ಣಾದ ಕಾಫಿ ಆ ಕಣ್ಣಿಗೆ ಮಾಸಿದ ಇಟ್ಟಿಗೆ ಥರ ಕಾಣ್ತಿತ್ತು. ಆಪ್ಟಿಕ್ ನ್ಯೂರೈಟಿಸ್, ಅಂದ್ರೆ ಕಣ್ಣಿನ ನರದ ಉರಿಯೂತ ಅಂದ್ರು. ಅಲ್ಲಿಂದ ಶುರು ಮೈಸೂರಿನ ಓಡಾಟ.

ವಿಇಪಿ ಅಂದ್ರೆ ಕಣ್ಣಿಗೆ ಕಂಡಿದ್ದು ಮಿದುಳಿಗೆ ಎಷ್ಟು ಬೇಗ ಮುಟ್ಟುತ್ತೆ ಅಂತ ಅಳೆಯೋ ಟೆಸ್ಟ್, ಏನೂ ನೋವಿಲ್ಲ. ಹಿಂತಲೆಗೆ ವೈರ್ ಅಂಟಿಸ್ತಾರೆ, ಒಂದು ಕಣ್ಣು ಮುಚ್ಚಿಸಿ ಸ್ಕ್ರೀನಲ್ಲಿ ಕಪ್ಪು ಬಿಳಿ ಚೌಕ ಅದಲು ಬದಲು ಆಗೋದನ್ನ ನೋಡಿಸ್ತಾರೆ, ನಡುವಿನ ಚುಕ್ಕೆ ಬಿಟ್ಟು ಕಣ್ಣು ಅಲ್ಲಾಡಬಾರ್ದು ಅಷ್ಟೇ. ಚೌಕ ಬದಲಾದ ಸುಮಾರು 100 ಮಿಲಿಸೆಕೆಂಡಿಗೆ ಮಿದುಳಲ್ಲಿ ಒಂದು ಅಲೆ ಏಳುತ್ತೆ, ಅದೇ ಪಿ100.

ನನ್ನ ಬಲಗಣ್ಣು ಮೊದಲ್ನೇ ಸಲ 118 ಮಿಲಿಸೆಕೆಂಡ್, ಎಡಗಣ್ಣು 102. ಮುಂದಿನ ವರ್ಷ 116, 101. ಅಷ್ಟೊತ್ತಿಗೆ ದೃಷ್ಟಿ ಪೂರ್ತಿ ವಾಪಸ್ ಬಂದಿತ್ತು, ಆದ್ರೂ ಅಲೆ ಲೇಟೇ, ಅದು ಹಂಗೇ ಉಳ್ಕೊಳ್ಳೋದು ಮಾಮೂಲಂತೆ.

ಮೂರನೇ ಸಲ ಬಂತು ನೋಡಿ 121! ಅಲೆಯ ಎತ್ತರ ಬೇರೆ 9 ಮೈಕ್ರೋವೋಲ್ಟಿಂದ 5ಕ್ಕೆ ಇಳಿದಿತ್ತು. ಹುಣಸೂರು ದಾಟೋವರೆಗೂ ನಾನು ನಮ್ಮನೆಯವ್ರ ಹತ್ರ ಮಾತೇ ಆಡ್ಲಿಲ್ಲ. ಮಾರನೇ ವಾರ ಡಾಕ್ಟ್ರು ರಿಪೋರ್ಟ್ ನೋಡಿ ನಕ್ಕು ‘ಎಡಗಣ್ಣೂ 106 ಆಗಿದ್ಯಲ್ಲಮ್ಮಾ, ಚೆನ್ನಾಗಿರೋ ಕಣ್ಣೂ ಜೊತೆಗೇ ಏರಿದೆ ಅಂದ್ರೆ ಅವತ್ತು ಏನ್ ಮಾಡ್ಕೊಂಡು ಹೋಗಿದ್ರಿ?’ ಅಂದ್ರು. ಏನಂದ್ರೆ ಬೆಳಗಿನ ಬಸ್ಸಿಗೆ ವಾಂತಿ ಮಾತ್ರೆ ನುಂಗಿದ್ದೆ, ಕುರ್ಚೀಲಿ ತೂಕಡಿಸ್ತಿದ್ದೆ, ಕನ್ನಡಕ ಬ್ಯಾಗಲ್ಲೇ ಇತ್ತು, ಟೆಸ್ಟ್ ಮಾಡಿದ ಹುಡುಗ ಕೇಳ್ಲೂ ಇಲ್ಲ. ಅದೂ ಅಲ್ದೆ ಆ ಸಲ ಹೋಗಿದ್ದು ಬೇರೆ ಲ್ಯಾಬಿಗೆ, ಒಂದೊಂದ್ ಲ್ಯಾಬಿನ ನಾರ್ಮಲ್ ಲಿಮಿಟ್ ಒಂದೊಂದು. ಮೊದ್ಲಿನ ಲ್ಯಾಬಲ್ಲೇ, ಕನ್ನಡಕ ಹಾಕ್ಕೊಂಡು ಮತ್ತೆ ಮಾಡಿಸ್ದಾಗ 117, 102. ಐದನೇದು 115, 101.

ಎರಡು ಮೂರು ಮಿಲಿಸೆಕೆಂಡ್ ಆಚೀಚೆ ಆಗೋದು ನಮ್ಮಲ್ಲಿ ಸಂಜೆ ಬಿಪಿ ಬೆಳಿಗ್ಗೆ ಬಿಪಿ ಇದ್ದಂಗೆ. ಎತ್ತರ ಅಂತೂ ಇನ್ನೂ ಚಂಚಲ, ಗಮನ ಎಲ್ಲೋ ಹೋದ್ರೂ ಕುಗ್ಗುತ್ತೆ. ನಾನೀಗ ನೋಡೋದು ಎರಡು ಕಣ್ಣಿನ ಮಧ್ಯದ ವ್ಯತ್ಯಾಸ: 16, 15, 15, 15, 14. ಹೆದರಿಸಿದ ಆ ರಿಪೋರ್ಟಲ್ಲೂ 15ಏ ಇತ್ತು, ನಾನು ಕಳೆದು ನೋಡಿರ್ಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಬೇಡಿ. ಒಂದು ಸ್ಟಾರ್ ಕಟ್ ಮಾಡಿದ್ದು ಆ ಅಂಟಿನ ಪೇಸ್ಟಿಗೆ, ಎರಡು ಸಲ ಸೀಗೆಪುಡಿ ಹಾಕಿ ತಿಕ್ಕಿದ್ರೂ ಹಿಂತಲೇಲಿ ಇದ್ದೇ ಇತ್ತು.