ಹಾರಿ ಕೊಸ್ಕಿನೆನ್ ಅವರ ಬ್ಲಾಕ್ ಲ್ಯಾಂಪ್: ಓದೋಕಾಗಲ್ಲ, ಆದ್ರೂ ದಿನಾ ಹಾಕ್ತೀವಿ

ಮೊದಲೇ ಹೇಳ್ಬಿಡ್ತೀನಿ, ಓದೋಕೆ ಬರೆಯೋಕೆ ಅಂತ ಟೇಬಲ್ ಲ್ಯಾಂಪ್ ಹುಡುಕ್ತಾ ಇದ್ರೆ ಇದರ ಹತ್ರಾನೂ ಹೋಗ್ಬೇಡಿ. ನಾವಿರೋದು ಫಿನ್‌ಲ್ಯಾಂಡಿನ ಎಸ್ಪೋದಲ್ಲಿ, ಇಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಒಂಬತ್ತು ಗಂಟೆ ದಾಟಿದ ಮೇಲೆ ಬರ್ತಾನೆ, ಮಧ್ಯಾಹ್ನ ಮೂರೂಕಾಲು ಹೊತ್ತಿಗೆ ಮುಳುಗೇ ಹೋಗಿರ್ತಾನೆ, ಹಾಗಾಗಿ ಮನೇಲಿ ದೀಪದ ಲೆಕ್ಕಾಚಾರನೇ ಬೇರೆ. ನಮ್ಮೂರ ಕಡೆ ಹಾಗೆ ಹಾಲ್ ಮಧ್ಯ ಒಂದು ದೊಡ್ಡ ಟ್ಯೂಬ್‌ಲೈಟ್ ಹಾಕಿ ಮುಗಿಸೋದಿಲ್ಲ, ಮೂಲೆಗೊಂದು ಸಣ್ಣ ಲೈಟು, ಕಿಟಕಿಗೊಂದು. ನಮ್ಮ ಕಿಟಕಿ ಪಾಲಿನದ್ದು ಈ ಬ್ಲಾಕ್ ಲ್ಯಾಂಪ್ (ಬ್ಲಾಕ್ ಅಂದ್ರೆ ಕಪ್ಪಲ್ಲ, ಗಡ್ಡೆ), ಈಗ ವರ್ಷಗಳೇ ಆಯ್ತು.

ಡಿಸೈನ್ 1996ರದ್ದು. ಕೊಸ್ಕಿನೆನ್ ಫಿನ್‌ಲ್ಯಾಂಡಿನ ಡಿಸೈನರ್, 1970ರಲ್ಲಿ ಅಲ್ಲಿನ ಕಾರ್ಸ್ತುಲಾದಲ್ಲಿ ಹುಟ್ಟಿದೋರು, ಹೆಲ್ಸಿಂಕಿಯಲ್ಲಿ ಡಿಸೈನ್ ಓದ್ತಿರೋವಾಗ ಗಾಜು ಎರಕ ಹೊಯ್ಯೋದನ್ನ ಕಲೀತಾ ಮಾಡಿದ್ದು. ತಯಾರಿಸೋದು ಮಾತ್ರ ಸ್ವೀಡನ್ನಿನ ಡಿಸೈನ್ ಹೌಸ್ ಸ್ಟಾಕ್‌ಹೋಮ್ ಕಂಪನಿ (ಫಿನ್ನಿಶ್ ಗೆಳೆಯರ ಮುಂದೆ ಈ ವಿಷ್ಯ ಎತ್ತಿದ್ರೆ ಮುಖ ಸ್ವಲ್ಪ ಸಪ್ಪಗಾಗುತ್ತೆ). ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ ಸಂಗ್ರಹದಲ್ಲೂ ಇದೆ.

ಇರೋದು ಇಷ್ಟೇ: ಎರಡು ದಪ್ಪ ಗಾಜಿನ ತುಂಡು, ಎರಡರ ನಡುವೆ ಬಲ್ಬ್ ಆಕಾರದ ಟೊಳ್ಳು, ಆ ಟೊಳ್ಳಿನ ಒಳಮೈಯನ್ನ ಸ್ಯಾಂಡ್‌ಬ್ಲಾಸ್ಟ್ ಮಾಡಿ, ಅಂದ್ರೆ ಮರಳನ್ನ ರಭಸವಾಗಿ ಊದಿ, ಮಬ್ಬಾಗಿಸಿದ್ದಾರೆ. ಸ್ವಿಚ್ ವೈರಲ್ಲೇ ಇದೆ. ಐಸ್‌ಗಡ್ಡೆಯೊಳಗೆ ಬಲ್ಬ್ ಸಿಕ್ಕಿಹಾಕ್ಕೊಂಡ ಹಾಗೆ ಕಾಣುತ್ತೆ, ಆದ್ರೆ ನಮ್ಮ ಕಣ್ಣಿಗೆ ಬಲ್ಬ್ ಅಂತ ಕಾಣೋದು ಆ ಮಬ್ಬು ಟೊಳ್ಳು, ನಿಜವಾದ ಪುಟ್ಟ ಬಲ್ಬ್ ಅದರೊಳಗೆ ಅಡಗಿರುತ್ತೆ. ಶೇಡ್ ಇಲ್ಲ, ಸ್ಟ್ಯಾಂಡ್ ಇಲ್ಲ. ದೀಪಕ್ಕೆ ಬೇಕೇ ಬೇಕು ಅಂತ ನಾವು ಅಂದ್ಕೊಂಡಿರೋದನ್ನೆಲ್ಲ ತೆಗೆದುಹಾಕಿ, ಉಳಿದದ್ದನ್ನ ಮಾತ್ರ ದಪ್ಪಗೆ ಇಟ್ಟಿದ್ದಾನೆ ಪುಣ್ಯಾತ್ಮ.

ಅವರ ಬೇರೆ ಕೆಲಸ ನೋಡಿದ್ರೂ ಇದೇ ಜಾಡು. ಫಿನ್ನಿಶ್ ಪೀಠೋಪಕರಣ ಕಂಪನಿ ಆರ್ಟೆಕ್‌ಗೆ ಮಾಡಿರೋ ಲೆಂಟೊ ಕುರ್ಚಿ, ಬಗ್ಗಿಸಿದ ಬರ್ಚ್ ಮರದ್ದು, ಅಂಗಡೀಲಿ ಕೂತು ನೋಡಿದ್ದೀನಿ, ಹೇಗೆ ನಿಂತಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಮುಚ್ಚಿಟ್ಟಿರೋದೇನೂ ಇಲ್ಲ. ಇಟಲಿಯ ಮೊಂಟಿನಾ ಕಂಪನಿಗೆ ಮಾಡಿದ ಮೂ ಕುರ್ಚಿಗೆ 2004ರಲ್ಲಿ ಇಟಲಿಯ ದೊಡ್ಡ ಡಿಸೈನ್ ಪ್ರಶಸ್ತಿ ಕೊಂಪಾಸ್ಸೊ ದೋರೊ ಬಂತು. ಸ್ಟುಡಿಯೋಗಳಲ್ಲಿ ಕಾಣೋ ಜೆನೆಲೆಕ್ ಕಂಪನಿಯ ಗುಂಡು ಅಂಚಿನ ಸ್ಪೀಕರ್‌ಗಳ ಆಕಾರಾನೂ ಇವರದ್ದೇ, ಅಲ್ಲಿ ಆ ಗುಂಡು ಅಂಚು ಶೋಕಿಗಲ್ಲ, ಚೂಪು ಅಂಚಿಗೆ ಬಡಿದು ಸೌಂಡ್ ಚದುರಬಾರದು ಅಂತ.

ಈಗ ಬಳಕೆ ವಿಷ್ಯ. ಬೆಳಕು ಕಮ್ಮಿ, ಅದು ಇರೋದೇ ಹಾಗೆ. ಆದ್ರೆ ಹೊರಗೆ ಕತ್ತಲಿದ್ದಾಗ ಇದರ ಬೆಳಕು ಕಣ್ಣಿಗೆ ಚುಚ್ಚಲ್ಲ, ಕಿಟಕಿ ಗಾಜಲ್ಲಿ ಇದರ ಇನ್ನೊಂದು ಪ್ರತಿಬಿಂಬ ಬೇರೆ ಬೀಳುತ್ತೆ, ಬಿಟ್ಟಿಯಾಗಿ ಎರಡು ಲ್ಯಾಂಪ್. ಮೊದಲಿನ ಡಿಸೈನ್ 25 ವ್ಯಾಟ್ ಫಿಲಮೆಂಟ್ ಬಲ್ಬಿಗೆ, ಯುರೋಪಲ್ಲಿ 2012ರ ಹೊತ್ತಿಗೆ ಆ ಥರ ಮಾಮೂಲಿ ಬಲ್ಬ್‌ಗಳನ್ನ ನಿಲ್ಲಿಸಿದ್ರು, ಈಗ ಎಲ್‌ಇಡಿ. ಇಲ್ಲೇ ಸ್ವಲ್ಪ ಹುಷಾರು: ಇ14 ಹೋಲ್ಡರ್ (ಸಣ್ಣ ಸ್ಕ್ರೂ ಥರದ್ದು) ಅಂತ ಕಣ್ಮುಚ್ಚಿ ತರಬೇಡಿ, ಬಲ್ಬಿನ ಅಳತೆ ನೋಡಿ, ಕತ್ತು ದಪ್ಪ ಇದ್ರೆ ಮೇಲಿನ ಗಾಜು ಸರಿಯಾಗಿ ಕೂರಲ್ಲ, ಮತ್ತೆ ಬಿಳಿ ಬೆಳಕಿನದ್ದು ಹಾಕಿದ್ರೆ ಆಸ್ಪತ್ರೆ ಕಾರಿಡಾರ್ ಕಳೆ ಬರುತ್ತೆ, 2700 ಕೆಲ್ವಿನ್ (ಬೆಚ್ಚನೆ ಹಳದಿ ಬೆಳಕು) ಅಂತ ಬರ್ದಿರೋದೇ ತಗೊಳ್ಳಿ. ಬದಲಾಯ್ಸೋದು ಸುಲಭ, ಮೇಲಿನ ತುಂಡು ಎತ್ತಿದ್ರಾಯ್ತು, ಆದ್ರೆ ಎರಡೂ ಕೈಯಲ್ಲಿ ಎತ್ತಿ, ಭಾರ ಇದೆ, ಮಕ್ಕಳ ಕೈಗೆ ಎಟುಕೋ ಕಡೆ ಇಡೋದು ಬೇಡ. ಎರಡು ತುಂಡಿನ ನಡುವೆ ಧೂಳು ಕೂರುತ್ತೆ, ಪ್ಲಗ್ ತೆಗೆದು ಒಣಬಟ್ಟೇಲಿ ಒರೆಸ್ತೀವಿ. ಹೊರಮೈ ಮೇಲೆ ಬೆರಳಚ್ಚು ಅಂತೂ ತಪ್ಪಿದ್ದಲ್ಲ.

ಊರಿಗೆ ತಗೊಂಡು ಹೋಗಬಹುದಾ ಅಂತ ಕೇಳೋರಿಗೆ, ವೋಲ್ಟೇಜ್ ಎರಡೂ ಕಡೆ 230, ಪ್ಲಗ್‌ಗೆ ಒಂದು ಅಡಾಪ್ಟರ್ ಸಾಕು. ಲಗೇಜ್ ತೂಕದ ಮಿತಿ ಮಾತ್ರ ಮೊದಲೇ ನೋಡ್ಕೊಳ್ಳಿ, ಇದೊಂದನ್ನ ಹಾಕಿದ್ರೆ ಅಮ್ಮ ಹೇಳಿಕಳ್ಸಿದ ಅರ್ಧ ಸಾಮಾನು ಇಲ್ಲೇ ಬಿಡ್ಬೇಕಾಗುತ್ತೆ.