ಬಡಿದು ನೋಡದೆ ಕೊಂಡ ಚಹಾದ ಕಪ್ಪು: ಎರಡು ವರ್ಷಗಳ ಬಳಕೆಯ ನಂತರ

ಗಡಗಿ ಕೊಳ್ಳುವಾಗ ಮೊದಲು ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಬೇಕು, ಆಮೇಲೆ ರೇಟು ಕೇಳಬೇಕು ಎಂದು ನಮ್ಮ ಅವ್ವ ಕಲಿಸಿದ್ದಳು. ಸಂತೆಯಲ್ಲಿ ನಲವತ್ತು ರೂಪಾಯಿಯ ಮಗಿಯನ್ನೂ ನಾನು ಹಾಗೆ ನೋಡದೆ ಕೊಂಡವನಲ್ಲ. ಆದರೆ 2023ರ ಗಣೇಶ ಚೌತಿಗೆ ವಾರ ಮೊದಲು, ಧಾರವಾಡದ ಹೊರವಲಯದ ಒಂದು ಚಿಕ್ಕ ಶೆಡ್ಡಿನಲ್ಲಿ, ಒಂದಕ್ಕೆ 650 ರೂಪಾಯಿಯಂತೆ ಕೈಯಿಂದ ಮಾಡಿದ ಎರಡು ಸೆರಾಮಿಕ್ ಕಪ್ಪುಗಳನ್ನು ಕೊಳ್ಳುವಾಗ, ಬಿಳಿ ಬಟ್ಟೆಯ ಮೇಲೆ ಅಷ್ಟು ನಾಜೂಕಾಗಿ ಹೊಂದಿಸಿಟ್ಟ ವಸ್ತುವನ್ನು ಬಡಿಯಲು ನನಗೆ ನಾಚಿಕೆಯಾಯಿತು. ಮುಂದೆ ಬರೆದಿರುವುದರಲ್ಲಿ ಬಹುಪಾಲು ಆ ನಾಚಿಕೆಗೆ ತೆತ್ತ ಬೆಲೆಯ ಲೆಕ್ಕ.

ನಾನು ಪಿಂಚಣಿಯ ಮೇಲೆ ಬದುಕುವವನು. 1,300 ರೂಪಾಯಿಗೆ ಸುಭಾಷ ರಸ್ತೆಯಲ್ಲಿ ಎರಡು ಡಜನ್ ಕಪ್ಪು-ಬಸಿ ಬರುತ್ತಿದ್ದವು ಎಂಬ ಮಾತನ್ನು ಮನೆಯಲ್ಲಿ ಇಂದಿಗೂ ಕೇಳುತ್ತೇನೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಆದರೂ ಮೊದಲ ಏಳು ತಿಂಗಳು ಈ ಕಪ್ಪುಗಳು ನನ್ನ ಬೆಳಗನ್ನೇ ಬದಲಿಸಿದವು. ಐದೂವರೆಗೆ ಎದ್ದು, ಶುಂಠಿ ಜಜ್ಜಿ ಹಾಕಿದ ನೀರು ಮರಳುವಷ್ಟರಲ್ಲಿ ಅದರಿಂದಲೇ ಒಂದು ಗುಟುಕಿನಷ್ಟು ತೆಗೆದು ಎರಡೂ ಕಪ್ಪುಗಳಲ್ಲಿ ಹಾಕಿ ಕಲಕಿ, ತಿರುಗಿ ಪಾತ್ರೆಗೆ ಸುರಿಯುತ್ತೇನೆ. ದಪ್ಪ ಗೋಡೆಯ ಕಪ್ಪು ತಣ್ಣಗಿದ್ದರೆ ಚಹಾದ ಬಿಸಿಯನ್ನು ತಾನೇ ನುಂಗಿಬಿಡುತ್ತದೆ. ಒಮ್ಮೆ ಬೆಚ್ಚಗಾದರೆ, ಎಮ್ಮೆಯ ಹಾಲಿನ ಗಟ್ಟಿ ಚಹಾ ಪದಬಂಧದ ಅರ್ಧ ಮುಗಿಯುವವರೆಗೂ ಬಿಸಿಯಾಗಿಯೇ ಉಳಿಯುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಇದು ಸಣ್ಣ ಸುಖವಲ್ಲ.

ಹಿಡಿಕೆಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಅಚ್ಚಿನಲ್ಲಿ ಎರಕ ಹೊಯ್ದ ಕಪ್ಪಿನ ಹಿಡಿಕೆ ಸಾಮಾನ್ಯವಾಗಿ ಎಲ್ಲಾ ಕಡೆ ಒಂದೇ ದಪ್ಪವಿರುತ್ತದೆ. ಇದು ಹಾಗಲ್ಲ. ಹಸಿ ಮಣ್ಣಿನ ಮುದ್ದೆಯನ್ನು ಒಂದು ಕೈಯಲ್ಲಿ ತೂಗುಹಾಕಿ ಹಿಡಿದು, ಇನ್ನೊಂದು ಕೈಯನ್ನು ನೀರಿನಲ್ಲಿ ಅದ್ದಿ ಅದ್ದಿ, ಎಮ್ಮೆಯ ಮೊಲೆ ಹಿಂಡಿದಂತೆ ಕೆಳಮುಖವಾಗಿ ಎಳೆಯುತ್ತ ಅದನ್ನು ಉದ್ದವಾಗಿಸುತ್ತಾರೆ. ಆದ್ದರಿಂದ ಮೇಲೆ ಅಗಲವಾಗಿ, ಕೆಳಗೆ ಬರುತ್ತ ತೆಳುವಾಗುತ್ತದೆ. ಕಪ್ಪಿನ ಮೈ ಅರೆಬರೆ ಒಣಗಿದಾಗ ಎರಡೂ ಕಡೆ ಗೀರು ಹಾಕಿ, ಕೆಸರಿನಂತಹ ಮಣ್ಣು ಸವರಿ ಅಂಟಿಸುತ್ತಾರೆ. ಕೆಳಗಿನ ಜೋಡಣೆಯಲ್ಲಿ ಮಾಡಿದವಳ ಹೆಬ್ಬೆರಳು ಒತ್ತಿದ ಒಂದು ತಗ್ಗು ಹಾಗೆಯೇ ಉಳಿದಿದೆ, ಅದರಲ್ಲಿ ನನ್ನ ಕಿರುಬೆರಳು ಸರಿಯಾಗಿ ಕೂರುತ್ತದೆ. ಸಂಧಿವಾತದ ಬೆರಳಿಗೆ ಇಂತಹದೊಂದು ಆಸರೆ ಬೇಕೆಂಬುದು ಕಪ್ಪು ಕೈಗೆ ಬರುವವರೆಗೆ ನನಗೇ ಗೊತ್ತಿರಲಿಲ್ಲ.

ಬಸಿ ಇಲ್ಲವೆಂಬ ದೂರನ್ನು ಇಲ್ಲಿಯೇ ದಾಖಲಿಸಿಬಿಡುತ್ತೇನೆ. ಬಸಿಗೆ ಸುರಿದು ಊದಿ ಕುಡಿಯುವವರು ನಮ್ಮ ಮನೆಗೆ ಇಂದಿಗೂ ಬರುತ್ತಾರೆ, ಅವರ ಮುಂದೆ ಈ ಕಪ್ಪನ್ನು ಇಡುವಂತಿಲ್ಲ.

2024ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಪ್ಪೆತ್ತಿದಾಗ ಪೇಪರಿನ ಮೇಲೆ ಒದ್ದೆಯ ಬಳೆಯೊಂದು ಮೂಡಿತ್ತು. ಚಹಾ ಚೆಲ್ಲಿರಬೇಕೆಂದು ಒರೆಸಿದೆ. ಮರುದಿನವೂ ಅದೇ ಬಳೆ. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಗ್ಲೇಜಿನ, ಅಂದರೆ ಹೊಳಪಿನ ಲೇಪದ, ತುಂಬ ಜೇಡರಬಲೆಯಂತೆ ಸಣ್ಣ ಬಿರುಕುಗಳು, ಅವುಗಳಲ್ಲಿ ಚಹಾದ ಕಂದು ಕಲೆ, ಮೂಗಿಗೆ ಹಳಸಿದ ಹಾಲಿನ ವಾಸನೆ. ಇನ್ನೊಂದು ಕಪ್ಪಿನಲ್ಲಿ ಇದಾವುದೂ ಇರಲಿಲ್ಲ. ಆಗ ಎರಡನ್ನೂ ಬಡಿದು ನೋಡಿದೆ. ಒಂದು ‘ಟಿಣ್’ ಎಂದಿತು, ಸೋರುವುದು ‘ಠಪ್’ ಎಂದಿತು. ಕುಂಬಾರ ಗುಂಡಯ್ಯ ಗಡಗಿ ಬಡಿದ ಸಪ್ಪಳಕ್ಕೆ ಶಿವನೇ ಬಂದು ಕುಣಿದನೆಂದು ಕಥೆ ಕೇಳಿ ಬೆಳೆದವರು ನಾವು. ನನ್ನ ಕಪ್ಪಿನ ಸಪ್ಪಳಕ್ಕೆ ಶಿವ ಕುಳಿತಲ್ಲಿಂದ ಏಳುತ್ತಲೂ ಇರಲಿಲ್ಲ.

ಸಿಟ್ಟಿನಲ್ಲಿ ಪುರಾವೆ ಸಿದ್ಧಪಡಿಸಿಕೊಂಡೆ. ಎರಡೂ ಕಪ್ಪುಗಳನ್ನು ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿ, ನಮ್ಮ ಓಣಿಯ ಪತ್ತಾರರ ಅಂಗಡಿಯಲ್ಲಿ ತೂಗಿಸಿದೆ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು, ಮೈಯನ್ನು ಚೆನ್ನಾಗಿ ಒರೆಸಿ ತಿರುಗಿ ತೂಗಿಸಿದಾಗ, ಒಳ್ಳೆಯದು 315 ಗ್ರಾಂನಿಂದ 317ಕ್ಕೆ ಏರಿತ್ತು. ಕೆಟ್ಟದ್ದು 308ರಿಂದ 320ಕ್ಕೆ. ಹನ್ನೆರಡು ಗ್ರಾಂ ನೀರನ್ನು ಕುಡಿದು ಸುಮ್ಮನೆ ಕುಳಿತಿದ್ದ ಆ ಕಪ್ಪನ್ನು ಚೀಲದಲ್ಲಿ ಹಾಕಿಕೊಂಡು ಶೆಡ್ಡಿಗೆ ಹೋದೆ.

ಜಗಳಕ್ಕೆಂದು ಹೋದವನಿಗೆ ಜಗಳದ ಅವಕಾಶವೇ ಸಿಗಲಿಲ್ಲ. ಕಪ್ಪು ಮಾಡಿದ ಹುಡುಗಿ ಅದನ್ನು ಕಿವಿಯ ಬಳಿ ಹಿಡಿದು, ಉಗುರಿನಿಂದ ಒಮ್ಮೆ ಬಡಿದು, “ಕಾಕಾ, ಇದು ಬೆಂದಿಲ್ರಿ” ಎಂದಳು. ಕಪ್ಪಿನ ತಳದಲ್ಲಿ ಕೊರೆದಿದ್ದ ಅಂಕಿಯನ್ನು ನೋಡಿ ಒಂದು ನೋಟ್‌ಬುಕ್ ತೆಗೆದಳು. ಪ್ರತಿಯೊಂದು ಭಟ್ಟಿಯ ದಿನಾಂಕ, ಯಾವ ಹಲಗೆಯ ಮೇಲೆ ಏನಿತ್ತು, ಕೋನ್ ಎಷ್ಟು ಬಾಗಿತು ಎಂಬುದೆಲ್ಲ ಅದರಲ್ಲಿ ಬರೆದಿತ್ತು. ಕೋನ್ ಎಂದರೆ ಶಾಖ ಎಷ್ಟು ಏರಿತೆಂದು ತಿಳಿಯಲು ಭಟ್ಟಿಯೊಳಗೆ ನಿಲ್ಲಿಸುವ ಬೆರಳುದ್ದದ ಮಣ್ಣಿನ ಮೊಳೆ. ಆರನೆಯ ನಂಬರಿನದು ಸುಮಾರು 1,220 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಾಗಬೇಕು. ಆ ದಿನ ಮೇಲಿನ ಹಲಗೆಯದು ಬಾಗಿತ್ತು. ವಿದ್ಯುತ್ ಭಟ್ಟಿಯ ಕೆಳಗಿನ ಸುರುಳಿ ಸೋತಿದ್ದರಿಂದ ಕೆಳಗಿನದು ನೆಟ್ಟಗೆ ನಿಂತಿತ್ತು. ನನ್ನ ಎರಡು ಕಪ್ಪುಗಳಲ್ಲಿ ಒಂದು ಮೇಲಿನ ಹಲಗೆಯದು, ಒಂದು ಕೆಳಗಿನದು.

ಪೂರ್ತಿ ಬೇಯದ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಮುಚ್ಚದೆ ಉಳಿಯುತ್ತವೆ. ಅದು ದಿನದಿನವೂ ಒಂದಿಷ್ಟು ತೇವ ಹೀರಿ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ. ಮೇಲಿನ ಗ್ಲೇಜು ಗಾಜಿನ ಜಾತಿಯದು, ಅದಕ್ಕೆ ಉಬ್ಬಲು ಬರುವುದಿಲ್ಲ, ಬಿರಿಯುತ್ತದೆ. ಏಳು ತಿಂಗಳು ತಡವಾಗಿ ಬಿರುಕು ಬಂದದ್ದು ಇದೇ ಕಾರಣಕ್ಕೆ. ಖಾನಾಪುರದ ಕೆಂಪು ಗಡಗಿಗಳನ್ನು ಬಳಸಿದ ನಮಗೆ ಈ ಸಂಗತಿ ಹೊಸದೇನಲ್ಲ: ಕಡಿಮೆ ಶಾಖದಲ್ಲಿ ಸುಟ್ಟ ಗಡಗಿ ಬೆವರುವುದರಿಂದಲೇ ಬೇಸಗೆಯಲ್ಲಿ ನೀರು ತಂಪಾಗುತ್ತದೆ. ಅಲ್ಲಿ ಗುಣವಾದದ್ದು ಚಹಾದ ಕಪ್ಪಿಗೆ ಬಂದಾಗ ದೋಷವಾಯಿತು.

ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ದೋಷವನ್ನು ಮಾರಾಟದ ಹೊತ್ತಿನಲ್ಲಿ ಏಕೆ ನೋಡಲಿಲ್ಲ ಎಂದು ಕೇಳಿದೆ. “ಹಬ್ಬದ ಗಡಿಬಿಡಿಯೊಳಗ ಕೆಳಗಿನ ಹಲಗಿ ಮಾಲು ಮ್ಯಾಲಿನದರಾಗ ಕೂಡಿಹೋತ್ರಿ” ಎಂದಳು. ಈ ಉತ್ತರ ನನಗೆ ಈಗಲೂ ಸಾಲದು. ಆರುನೂರೈವತ್ತು ರೂಪಾಯಿ ತೆಗೆದುಕೊಳ್ಳುವವರು ಉಗುರಿನಿಂದ ಒಮ್ಮೆ ಬಡಿದು ಕೊಡಬೇಕು, ಗಿರಾಕಿ ನಾಚಿದರೂ ಸರಿ.

ಹೊಸ ಕಪ್ಪು ಕೊಡುತ್ತೇನೆಂದಳು. ಹೆಬ್ಬೆರಳಿನ ಆ ತಗ್ಗು ಹೊಸದರಲ್ಲಿ ಸಿಗುವ ಭರವಸೆ ಇರಲಿಲ್ಲವಾದ್ದರಿಂದ, ಇದನ್ನೇ ಇನ್ನೊಮ್ಮೆ ಸುಡಲು ಬರುತ್ತದೆಯೇ ಎಂದೆ. ಗ್ಲೇಜು ಹರಿಯಬಹುದು, ಹಿಡಿಕೆ ಸೀಳಬಹುದು ಎಂದು ಮೊದಲೇ ಎಚ್ಚರಿಸಿ ಒಪ್ಪಿಕೊಂಡಳು. ಒಳಗೆ ಸೇರಿದ್ದ ತೇವವೆಲ್ಲ ಹೋಗುವಂತೆ ಮೊದಲು ಇಡೀ ದಿನ ಸಣ್ಣ ಶಾಖದಲ್ಲಿಟ್ಟಳಂತೆ. ಸೀದ ಹಾಲಿನ ವಾಸನೆ ಶೆಡ್ಡಿನಿಂದ ಎರಡು ದಿನ ಹೋಗಲಿಲ್ಲವಂತೆ. ನಾನು ಅದಕ್ಕೆ ಕ್ಷಮೆ ಕೇಳಲಿಲ್ಲ.

ಮೂರು ವಾರಗಳ ನಂತರ ಮರಳಿದ ಕಪ್ಪು ಬೆಲ್ಲದ ಬಣ್ಣದಿಂದ ಕಾಕಂಬಿಯ ಬಣ್ಣಕ್ಕೆ ತಿರುಗಿತ್ತು. ಬಿರುಕುಗಳು ಕರಗಿ ಮುಚ್ಚಿದ್ದವು. ಈ ಸಲ ನಾಚದೆ, ಅವಳೆದುರಿಗೇ ಬಡಿದೆ: ‘ಟಿಣ್’, ಅದರ ಜೋಡಿ ಕಪ್ಪಿನದಕ್ಕಿಂತ ಒಂದು ಎಳೆ ಮೇಲಿನ ಸ್ವರ. ಆದರೆ ಕಪ್ಪು ಚಿಕ್ಕದಾಗಿತ್ತು. ಹಸಿಯಿಂದ ಪೂರ್ತಿ ಬೇಯುವಷ್ಟರಲ್ಲಿ ಇಂತಹ ಮಣ್ಣು ನೂರಕ್ಕೆ ಹತ್ತು-ಹನ್ನೆರಡು ಪಾಲು ಕುಗ್ಗುತ್ತದೆ. ನನ್ನ ಕಪ್ಪು ಮೊದಲ ಸಲ ಉಳಿಸಿಕೊಂಡಿದ್ದ ಬಾಕಿಯನ್ನು ಎರಡನೆಯ ಭಟ್ಟಿಯಲ್ಲಿ ತೀರಿಸಿತ್ತು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಬಾಯಿಯ ಅಳತೆಯಲ್ಲಿ ಒಂದು ಮಿಲಿಮೀಟರ್ ಇರಬಹುದು. ಔಷಧದ ಮುಚ್ಚಳದಿಂದ ಅಳೆದರೆ ಒಳಗೆ ಐದು ಮಿಲಿಲೀಟರ್ ಕಡಿಮೆ ಹಿಡಿಯುತ್ತದೆ.

ಅಂದಿನಿಂದ ಹದಿನೇಳು ತಿಂಗಳಾಯಿತು. ಪೇಪರಿನ ಮೇಲೆ ಬಳೆ ಮೂಡಿಲ್ಲ, ವಾಸನೆಯಿಲ್ಲ. ಮನೆಮಂದಿಗೆಲ್ಲ ಸಾಲುವಷ್ಟು ಇಂತಹ ಕಪ್ಪು ಕೊಳ್ಳುವ ಶಕ್ತಿ ನನಗಿಲ್ಲ, ಇದ್ದರೂ ಕೊಳ್ಳುವುದಿಲ್ಲ. ದಿನವೂ ಅದೇ ಹೊತ್ತಿಗೆ ಅದೇ ಕಪ್ಪನ್ನು ಹಿಡಿಯುವವರು ಒಂದನ್ನು ಕೊಳ್ಳಲಿ, ಬಡಿದು ಕೊಳ್ಳಲಿ. ನಾನು ಎರಡೂ ಕಪ್ಪುಗಳಿಗೆ ಸಮವಾಗಿ ಅಳೆದೇ ಚಹಾ ಹಾಕುತ್ತೇನೆ. ಚಿಕ್ಕದರಲ್ಲಿ ಹಿಡಿಯದ ಒಂದು ಚಮಚ ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಅದನ್ನು ಅಡುಗೆಮನೆಯಲ್ಲಿಯೇ, ಯಾರೂ ಏಳುವ ಮುಂಚೆ, ಬಸಿಗೆ ಸುರಿದುಕೊಂಡು ಕುಡಿಯುತ್ತೇನೆ.