ಅಕ್ಕಿ ದೋಸೆ ತಾನೇ ಅಂತ ತಿಂದೆ

ಗೋಧಿ ಮೈಗೆ ಆಗದ ಸೀಲಿಯಾಕ್ ಕಾಯಿಲೆ ಇರುವವರು, ಮನೆಯಲ್ಲಿ ಅಂಥ ಮಗು ಇರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ಎರಡು ಪ್ಲೇನ್ ದೋಸೆ ತಿಂದು ನಾನು ಹನ್ನೊಂದು ದಿನ ಅನುಭವಿಸಿದೆ. ಹೋಟೆಲಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಪಕ್ಕದ ಹೋಟೆಲಿಗೆ ಹೋಗುತ್ತೀರಿ. ಅಲ್ಲೂ ಇದೇ ಕಥೆ ಇರುತ್ತದೆ.

ಮೊದಲು ನನ್ನ ಕಾಯಿಲೆ ವಿಷಯ ಎರಡು ಮಾತು. ಐದು ವರ್ಷ ನನ್ನ ಹಿಮೋಗ್ಲೋಬಿನ್ ಎಂಟರ ಮೇಲೆ ಏರಲೇ ಇಲ್ಲ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದೆನೋ ಲೆಕ್ಕವಿಲ್ಲ. ಹೊಟ್ಟೆ ಉಬ್ಬರಕ್ಕೆ ಎಲ್ಲರೂ 'ಗ್ಯಾಸ್ಟ್ರಿಕ್' ಎಂದರು. ನಮ್ಮಲ್ಲಿ ಕುತ್ತಿಗೆಯಿಂದ ಕೆಳಗೆ ಏನಾದರೂ ಅದು ಗ್ಯಾಸ್ಟ್ರಿಕ್ಕೇ, ಅಲ್ವಾ? ಕೊನೆಗೆ ಒಬ್ಬ ಡಾಕ್ಟರು ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ಆಮೇಲೆ ಎಂಡೋಸ್ಕೋಪಿ, ಬಯಾಪ್ಸಿ. "ಸಣ್ಣ ಕರುಳಿನ ಒಳಗೋಡೆ ಹೊಸ ಟರ್ಕಿ ಟವೆಲ್ ಹಾಗೆ ಎಳೆ ಎಳೆಯಾಗಿ ಇರಬೇಕಮ್ಮ. ನಿಮ್ಮದು ಸವೆದು ನುಣ್ಣಗಾಗಿದೆ" ಎಂದರು. ಎಳೆ ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಾದರೂ ಹೇಗೆ?

ಕಾರಣ ಗ್ಲುಟೆನ್. ಗೋಧಿ, ಬಾರ್ಲಿ, ರೈ ಈ ಮೂರು ಕಾಳಿನಲ್ಲಿರುವ ಪ್ರೋಟೀನು. ಅದು ಒಳಗೆ ಹೋದರೆ ನನ್ನ ಮೈಯೇ ನನ್ನ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಬದುಕಿರುವವರೆಗೂ ಆ ಮೂರನ್ನೂ ಬಿಡುವುದೊಂದೇ ದಾರಿ.

ಆಗ ನನಗೆ ಹೆಚ್ಚು ಬೇಜಾರೇನೂ ಆಗಲಿಲ್ಲ. ಸದ್ಯ, ಪಂಜಾಬಿನಲ್ಲಿ ಹುಟ್ಟಲಿಲ್ಲ ಅಂದುಕೊಂಡೆ. ಅಕ್ಕಿ, ರಾಗಿ, ಜೋಳ ತಿನ್ನುವ ಊರು ನಮ್ಮದು. ಚಪಾತಿ, ಬ್ರೆಡ್ಡು, ಬಿಸ್ಕತ್ತು ಬಿಟ್ಟರೆ ಆಯಿತು. ಇಡ್ಲಿ ದೋಸೆಗೆ ಏನು ಕಷ್ಟ? ಆ ಧೈರ್ಯವೇ ನನ್ನನ್ನು ಕೆಡಿಸಿತು.

ಅವತ್ತು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈಟಿನ ಕೆಲಸವಿತ್ತು. ಒಂಬತ್ತೂವರೆಗೇ ಹೋಗಿ ಕೂತೆವು. ಸರ್ವರ್ ಡೌನ್. ಹನ್ನೊಂದೂವರೆಗೆ ಹೊಟ್ಟೆ ತಾಳ ಹಾಕತೊಡಗಿತು. ಎದುರಿಗೇ ದರ್ಶಿನಿ. ನಾನು ಸುಮ್ನೆ ಹೋಗಿ ತಿನ್ನಲಿಲ್ಲ, ಕೇಳಿಯೇ ತಿಂದೆ. ಅದನ್ನು ಒತ್ತಿ ಹೇಳುತ್ತೇನೆ.

"ದೋಸೆ ಹಿಟ್ಟಿಗೆ ಗೋಧಿ ಹಾಕ್ತೀರಾ?"

"ಅಯ್ಯೋ ಇಲ್ಲ ಮೇಡಂ, ಪಕ್ಕಾ ಅಕ್ಕಿ, ಉದ್ದು."

ಎರಡು ದೋಸೆ ತಿಂದೆ. ಚಟ್ನಿ ಹಾಕಿಸಿಕೊಂಡೆ, ಸಾಂಬಾರು ಎರಡು ಚಮಚ. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಎರಡು ಗಂಟೆಗೆ ನಮ್ಮ ಟೋಕನ್ ಹತ್ತಿರ ಬಂತು. ಅಷ್ಟರಲ್ಲಿ ಹೊಟ್ಟೆ ಹಿಂಡುವುದಕ್ಕೆ ಶುರುವಾಯಿತು. ಆ ಆಫೀಸಿನ ಶೌಚಾಲಯದಲ್ಲಿ ನಲ್ಲಿ ಇತ್ತು, ನೀರಿರಲಿಲ್ಲ. ಮೂರು ಸಲ ವಾಂತಿ. ಹೆಬ್ಬೆಟ್ಟು ಒತ್ತುವುದಕ್ಕೆ ನನ್ನ ಹೆಸರು ಕೂಗಿದಾಗ ನಾನು ಹೊರಗೆ ಕಟ್ಟೆಯ ಮೇಲೆ ಮಲಗಿದ್ದೆ. ರಿಜಿಸ್ಟ್ರೇಷನ್ ಮುಂದಕ್ಕೆ ಹೋಯಿತು. ಮನೆಗೆ ಬಂದ ಮೇಲೆ ಭೇದಿ, ಬಾಯಿ ತುಂಬ ಹುಣ್ಣು, ತಲೆಯೆಲ್ಲ ಮಂಕು. ಮೂರನೇ ದಿನ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಗ್ಯಾಸ್ ಹಚ್ಚದೆ ಅರ್ಧ ಗಂಟೆ ನಿಂತಿದ್ದೆನಂತೆ. ನಮ್ಮತ್ತೆ ನೋಡಿ ಹೆದರಿದರು. ಹೀಗೆ ಹನ್ನೊಂದು ದಿನ.

ಡಾಕ್ಟರ ಹತ್ತಿರ ಹೋದಾಗ ಟಿಟಿಜಿ ಮತ್ತೆ ಮಾಡಿಸಿದರು. ಇಳಿದು ಸರಿಹೋಗಿದ್ದದ್ದು ಪುನಃ ಮೇಲೇರಿತ್ತು. "ಒಂದು ದಿನದ ದೋಸೆಗೆ ಇಷ್ಟು ಏರಲ್ಲ. ತುಂಬ ದಿನದಿಂದ ಸ್ವಲ್ಪ ಸ್ವಲ್ಪ ಒಳಗೆ ಹೋಗ್ತಾ ಇದೆ, ಎಲ್ಲಿಂದ ಅಂತ ಹುಡುಕಿ" ಎಂದರು.

ಹುಡುಕುವ ಕೆಲಸ ಆ ದರ್ಶಿನಿಯಿಂದಲೇ ಶುರು ಮಾಡಿದೆ. ಮಧ್ಯಾಹ್ನ ಮೂರೂವರೆಗೆ, ಜನ ಇಲ್ಲದ ಹೊತ್ತು ನೋಡಿಕೊಂಡು ಹೋದೆ. ಜಗಳಕ್ಕೆ ಹೋದದ್ದಲ್ಲ. ಭಟ್ಟರು ಪಾಪ ಒಳ್ಳೆಯವರು, ಒಳಗೆ ಕರೆದು ತೋರಿಸಿದರು.

"ಭಟ್ರೇ, ಹಿಟ್ಟಿಗೆ ಏನೇನು ಹಾಕ್ತೀರಿ?"

"ಅಕ್ಕಿ, ಉದ್ದು, ಮೆಂತ್ಯ, ಅವಲಕ್ಕಿ. ಕೊನೇಲಿ ಒಂದ್ ಹಿಡಿ ಮೈದಾ. ಕೆಂಪಗೆ, ಗರಿಗರಿ ಬರ್ಲಿ ಅಂತ."

"ಗೋಧಿ ಇಲ್ಲ ಅಂದ್ರಲ್ಲ?"

"ಗೋಧಿ ಎಲ್ಲಿ ಹಾಕಿದೀವಿ ಮೇಡಂ? ಮೈದಾ ಅಲ್ವಾ ಅದು!"

ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಗೋಧಿ ಅಂದರೆ ಚಪಾತಿ ಹಿಟ್ಟು. ಮೈದಾ ಬೇರೆ, ರವೆ ಬೇರೆ, ಚಿರೋಟಿ ರವೆ ಇನ್ನೂ ಬೇರೆ, ಶ್ಯಾವಿಗೆ ಅಂತೂ ತಿಂಡಿಯ ಹೆಸರು. ಇವೆಲ್ಲದರ ಅಪ್ಪ ಒಬ್ಬನೇ ಅನ್ನುವುದು ಯಾರ ತಲೆಗೂ ಬರುವುದಿಲ್ಲ. 'ಗೋಧಿ ಇದೆಯಾ' ಎಂದು ಕೇಳಿದ್ದೇ ನನ್ನ ತಪ್ಪು. ಈಗ ಒಂದೊಂದೇ ಹೆಸರು ಹಿಡಿದು ಕೇಳುತ್ತೇನೆ. ಮೈದಾ ಇದೆಯಾ, ರವೆ ಇದೆಯಾ, ಚಿರೋಟಿ ರವೆ ಇದೆಯಾ? 'ಗ್ಲುಟೆನ್' ಎಂಬ ಪದ ಬಾಯಿಂದ ತೆಗೆಯುವುದೇ ಇಲ್ಲ. ಒಬ್ಬ ಹುಡುಗ ಅದನ್ನು ಕೇಳಿ "ಅದು ಖಾಲಿ ಆಗಿದೆ ಮೇಡಂ" ಎಂದಿದ್ದ.

ಹಾಗಂತ ಮೈದಾ ಹಾಕದ ಹೋಟೆಲ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗಲೂ ಕಾವಲಿ ನೋಡಿ. ನಾನು ಅಲ್ಲೇ ನಿಂತು ಹತ್ತು ನಿಮಿಷ ನೋಡಿದೆ. ಎರಡು ಸಾಲು ರವೆ ದೋಸೆ ಎದ್ದಿತು. ರವೆ ದೋಸೆ ಅಂದರೆ ಗೋಧಿ ರವೆ, ಜೊತೆಗೆ ಮೈದಾ. ಅದರ ಅಂಚಿನ ಚೂರುಗಳು ಕಾವಲಿಗೆ ಅಂಟಿದ್ದವು. ನೀರು ಚಿಮುಕಿಸಿದರು, ಚೊಯ್ ಅಂದಿತು, ಕಡ್ಡಿ ಪೊರಕೆಯಲ್ಲಿ ಗುಡಿಸಿದರು, ಅದೇ ಜಾಗದಲ್ಲಿ ಮಸಾಲೆ ದೋಸೆ ಹುಯ್ದರು. ನಮಗೆ ಪ್ರೀತಿಯ ಶಬ್ದ ಅದು, ಚಿಕ್ಕಂದಿನಿಂದ ಕೇಳಿದ್ದು. ಆದರೆ ಆ ಪೊರಕೆ ಬೆಳಗ್ಗೆಯಿಂದ ಎಲ್ಲ ದೋಸೆಯನ್ನೂ ಮುಟ್ಟಿದೆ. ಒಂದರ ಹಿಟ್ಟನ್ನು ಇನ್ನೊಂದಕ್ಕೆ ಸಾಗಿಸುವ ಕೆಲಸವೇ ಅದರದ್ದು.

"ಅಷ್ಟು ಬಿಸಿ ಕಾವಲಿ, ಎಲ್ಲ ಸತ್ತು ಹೋಗುತ್ತೆ ಬಿಡಿ" ಎಂದು ಬಹಳ ಜನ ಹೇಳುತ್ತಾರೆ. ಸಾಯುವುದಕ್ಕೆ ಅದೇನು ಕ್ರಿಮಿಯಲ್ಲ. ಗ್ಲುಟೆನ್ ಕಾವಲಿಯ ಬಿಸಿಗೆ ಹಾಳಾಗುವುದಿಲ್ಲ, ಎಣ್ಣೆಯ ಬಿಸಿಗೂ ಇಲ್ಲ. ಎಷ್ಟು ಕಡಿಮೆ ಸಾಕು ಗೊತ್ತೇ? ಬ್ರೆಡ್ಡಿನ ಒಂದು ಸ್ಲೈಸಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ ಹೀಗೇ ಹೋಗುತ್ತಿದ್ದರೆ ಕೆಲವೇ ತಿಂಗಳಲ್ಲಿ ಕರುಳಿಗೆ ಪೆಟ್ಟು. ಅಂದರೆ ಆ ಸ್ಲೈಸನ್ನು ನಲವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು.

ಇನ್ನು ಸಾಂಬಾರು. ಇದು ನನಗೆ ನಿಜವಾಗಿ ಶಾಕ್ ಕೊಟ್ಟ ವಿಷಯ. ಬೇಳೆ, ಹುಣಸೆಹಣ್ಣು, ತರಕಾರಿ, ಇದರಲ್ಲಿ ಗೋಧಿ ಎಲ್ಲಿಂದ ಬಂತು? ಭಟ್ಟರ ಕಪಾಟಿನಲ್ಲಿದ್ದ ಇಂಗಿನ ಡಬ್ಬಿ ತಿರುಗಿಸಿ ಓದಿದೆ. ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಅಪ್ಪಟ ಇಂಗು ಗಿಡದ ಹಾಲು. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುತ್ತದೆ. ಘಾಟು ಎಷ್ಟೆಂದರೆ ನೇರವಾಗಿ ಬಳಸುವುದಕ್ಕಾಗುವುದಿಲ್ಲ, ರೇಟೂ ಜಾಸ್ತಿ. ಹಾಗಾಗಿ ಹಿಟ್ಟು ಬೆರೆಸಿ ಮಾರುತ್ತಾರೆ. ಅದು ಕಲಬೆರಕೆಯಲ್ಲ, ಕಾನೂನಿನಲ್ಲೇ ಅವಕಾಶ ಇದೆ. ಆದರೆ ಆ ಹಿಟ್ಟು ಎಷ್ಟೋ ಬ್ರಾಂಡಿನಲ್ಲಿ ಗೋಧಿಯದ್ದೇ. ಹೋಟೆಲಿನ ಸಾಂಬಾರು, ಸಾರು, ಬಿಸಿಬೇಳೆ ಬಾತು, ಪುಳಿಯೋಗರೆ, ಪೊಂಗಲ್, ಮೊಸರನ್ನದ ಒಗ್ಗರಣೆ, ಇಂಗು ಬೀಳದ ಜಾಗ ಯಾವುದು ಹೇಳಿ.

ಮನೆಗೆ ಬಂದು ನಮ್ಮ ಡಬ್ಬಿ ನೋಡಿದೆ. ಅದರಲ್ಲೂ ಗೋಧಿ! ಒಂದು ವರ್ಷ ದಿನಾ ತಿಂದಿದ್ದೇನೆ. ಜೊತೆಗೆ ರಾಗಿ ಬೀಸಿಸುತ್ತಿದ್ದದ್ದು ಗೋಧಿ ಬೀಸುವ ಮಿಲ್ಲಿನಲ್ಲೇ. ನನ್ನ ಮುಂದಿನವರು ಹತ್ತು ಕೆಜಿ ಗೋಧಿ ಬೀಸಿಸಿಕೊಂಡು ಹೋಗುತ್ತಿದ್ದರು, ಅದರ ಹಿಂದೆಯೇ ನನ್ನ ರಾಗಿ. ಡಾಕ್ಟರು ಹುಡುಕಿ ಅಂದದ್ದು ಸಿಕ್ಕಿತು. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಲೇಬಲ್ ಓದಿ ತನ್ನಿ.

ದರ್ಶಿನಿಯ ಉಳಿದ ತಿಂಡಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಖಾರಾಬಾತು, ಕೇಸರಿಬಾತು ಎರಡೂ ಗೋಧಿ ರವೆ. ಮದ್ದೂರು ವಡೆಯಲ್ಲಿ ರವೆ, ಮೈದಾ. ಗೋಳಿಬಜೆ ಪೂರ್ತಿ ಮೈದಾ. ಉದ್ದಿನ ವಡೆ ತಾನಾಗಿ ನಿರಪರಾಧಿ, ಆದರೆ ಪೂರಿ ಕರಿದ ಎಣ್ಣೆಯಲ್ಲೇ ಬೇಯುತ್ತದೆ. ಇಡ್ಲಿ ಸ್ವಲ್ಪ ವಾಸಿ, ಆದರೆ ರವೆ ಇಡ್ಲಿಯ ತಟ್ಟೆಯೂ ಅದೇ ಹಬೆ ಪೆಟ್ಟಿಗೆಯಲ್ಲಿದೆಯಾ ನೋಡಿಕೊಳ್ಳಿ. ರವೆ ಇಡ್ಲಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ತಾವೇ ಕಂಡುಹಿಡಿದೆವು ಎಂದು ಎಂಟಿಆರ್‌ನವರು ಹೇಳುತ್ತಾರೆ. ಊರಿಗೆಲ್ಲ ಒಳ್ಳೆಯ ತಿಂಡಿ ಸಿಕ್ಕಿತು, ನನ್ನಂಥವರಿಗೆ ಇನ್ನೊಂದು ಪ್ರಶ್ನೆ ಕೇಳುವ ಕೆಲಸ ಸಿಕ್ಕಿತು.

ಮಾಲ್‌ಗೆ ಹೋದರೆ ಮಕ್ಕಳ ಜೊತೆ ಫ್ರೆಂಚ್ ಫ್ರೈಸ್ ತಿನ್ನಬಹುದು ಅಂದುಕೊಂಡಿದ್ದೆ. ಬರೀ ಆಲೂಗಡ್ಡೆ ತಾನೇ. ಇಲ್ಲಿ ವಾಂತಿಗೆ ಮೊದಲೇ ಎಚ್ಚರವಾಯಿತು, ಪುಣ್ಯ. ಕೌಂಟರಿನ ಹಿಂದೆ ಕಣ್ಣು ಹಾಯಿಸಿದೆ. ಬ್ರೆಡ್ ಕ್ರಂಬ್ಸ್ ಹಚ್ಚಿದ ಪ್ಯಾಟಿ ಮುಳುಗಿ ಎದ್ದ ಎಣ್ಣೆಗೇ ಆಲೂಗಡ್ಡೆ ಬುಟ್ಟಿ ಇಳಿಯುತ್ತಿತ್ತು. ಫ್ರೈಸ್‌ಗೆ ಬೇರೆ ಎಣ್ಣೆ ಇದೆಯಾ ಎಂದು ಕೇಳಿ. ಇದೆ ಎಂದರೆ ಮೇಲೆ ಉದುರಿಸುವ ಮಸಾಲೆ ಬೇಡ ಎನ್ನಿ. ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಮೆಕ್‌ಡೊನಾಲ್ಡ್ಸ್ ಫ್ರೈಸಿನ ಸಾಮಗ್ರಿ ಪಟ್ಟಿಯಲ್ಲೇ ಗೋಧಿಯ ಅಂಶ ಇದೆ, ರುಚಿಗೆ ಹಾಕುವ ಫ್ಲೇವರಿನಲ್ಲಿ. ಒಂದು ದೇಶದಲ್ಲಿ ತಿಂದು ಏನೂ ಆಗಲಿಲ್ಲ ಎಂದು ಇನ್ನೊಂದು ದೇಶದಲ್ಲಿ ಅದೇ ಬೋರ್ಡು ನೋಡಿ ನುಗ್ಗಬೇಡಿ. ದೊಡ್ಡ ಚೈನ್‌ಗಳಲ್ಲಿ ಒಂದು ಅನುಕೂಲ ಉಂಟು, ಅಲರ್ಜಿ ಮಾಹಿತಿಯ ಪಟ್ಟಿ ಇರುತ್ತದೆ. ಕೇಳಿದರೆ ತೋರಿಸಬೇಕು. ಆದರೆ ಪಟ್ಟಿಯಲ್ಲಿರುವುದು ಸಾಮಗ್ರಿ ಮಾತ್ರ. ಬನ್ ಮುಟ್ಟಿದ ಗ್ಲೌಸ್ ಬದಲಾಯಿಸಿದರಾ ಇಲ್ಲವಾ ಅದರಲ್ಲಿ ಬರೆದಿರುವುದಿಲ್ಲ.

ಗೋಬಿ ಮಂಚೂರಿ ಗಾಡಿಯ ಹತ್ತಿರ ಹೋಗಲೇಬೇಡಿ. 'ಬರೀ ಕಾರ್ನ್‌ಫ್ಲೋರ್' ಎನ್ನುತ್ತಾರೆ, ಮೈದಾ ಇಲ್ಲದೆ ಆ ಗಟ್ಟಿ ಹೊದಿಕೆ ಬರುವುದು ಕಷ್ಟ. ಮೈದಾ ಇಲ್ಲದಿದ್ದರೂ ಸೋಯಾ ಸಾಸ್ ಇದೆ, ಅದನ್ನು ಸಾಮಾನ್ಯವಾಗಿ ಸೋಯಾ ಜೊತೆ ಗೋಧಿ ಹುದುಗಿಸಿಯೇ ಮಾಡುವುದು. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಎಂದಾಗ ನನ್ನ ತಂಗಿ ಫೋನ್ ಮಾಡಿ "ಇನ್ಮೇಲೆ ನೀನೂ ತಿನ್ನಬಹುದು ಅಕ್ಕ" ಎಂದಳು. ಪಾಪ, ಅವಳಿಗೆ ಬಣ್ಣವೇ ರೋಗ.

ನಮ್ಮ ಕಡೆ ಇಷ್ಟು ಗೊಂದಲ ಇರುವುದಕ್ಕೂ ಕಾರಣವಿದೆ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಸೀಲಿಯಾಕ್ ಇದೆ. ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಇಲ್ಲಿ ಅಡುಗೆಯವರು ಹೆಸರು ಕೇಳಿರುವುದಿಲ್ಲ, ಎಷ್ಟೋ ಡಾಕ್ಟರಿಗೆ ಮೊದಲು ಅನುಮಾನವೂ ಬರುವುದಿಲ್ಲ. ಮೆನುವಿನಲ್ಲಿ 'ಗ್ಲುಟೆನ್ ಫ್ರೀ' ಎಂದು ಬರೆದದ್ದನ್ನೂ ನಾನು ನಂಬುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಹಾಗೆ ಬರೆಯಬೇಕಾದರೆ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಎಂದು ಎಫ್ಎಸ್ಎಸ್ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಹೋಟೆಲಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಅಳೆದು ನೋಡಿದವರು ಯಾರು?

ಈಗ ಹೊರಗೆ ಹೋಗುವಾಗ ಬ್ಯಾಗಿನಲ್ಲಿ ಡಬ್ಬಿ ಇರುತ್ತದೆ. ಮರೆತರೆ ಬಾಳೆಹಣ್ಣು, ಎಳನೀರು, ಬೇಯಿಸಿದ ಕಡಲೆಕಾಯಿ, ಕೆಂಡದ ಮೇಲೆ ಸುಟ್ಟ ಮುಸುಕಿನ ಜೋಳ. ಚುರುಮುರಿ ಆಸೆಯಾದರೆ ನಿಪ್ಪಟ್ಟು ಪುಡಿ ಮಾಡಿ ಹಾಕಬೇಡ ಎಂದು ಮೊದಲೇ ಹೇಳಿ.

ಇನ್ನೊಂದು. ಇದನ್ನು ಓದಿ 'ನನಗೂ ಹೀಗೇ ಆಗುತ್ತೆ' ಎಂದು ನಾಳೆಯಿಂದ ಗೋಧಿ ಬಿಡಬೇಡಿ. ಮೊದಲು ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು.

ಹೋದ ತಿಂಗಳು ಸೈಟಿನ ಕೆಲಸ ಕೊನೆಗೂ ಮುಗಿಯಿತು. ಅದೇ ದರ್ಶಿನಿಗೆ ಹೋದೆವು. ನಮ್ಮೆಜಮಾನರು ಮಸಾಲೆ ದೋಸೆ ತೆಗೆದುಕೊಂಡರು. ಕೌಂಟರಿನ ಹುಡುಗ ನನ್ನ ಗುರುತು ಹಿಡಿದ. ನಾನು ಬಾಯಿ ತೆರೆಯುವ ಮೊದಲೇ ಬೆರಳು ಮಡಚಿ ಎಣಿಸಿದ: "ಮೈದಾ ಬೇಡ, ರವೆ ಬೇಡ, ಚಿರೋಟಿ ರವೆ ಬೇಡ, ಇಂಗು ಬೇಡ. ಕಾಫಿ ಒಂದು, ಅಲ್ವಾ ಮೇಡಂ?"